ಬೊಗಳದ ನಾಯಿಯನ್ನು ತಂದಿದ್ದೇನೆ, ಏನು ಮಾಡಲಿ?

ಸಿದ್ದಾಪುರದ ಬೆಳೆಗಾರ | ನವೆಂಬರ್ 9, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಕಾಯಿ ಉದುರುವುದು, ಮೆಣಸಿನ ಬಳ್ಳಿ ಸೊರಗುವುದು ಬಿಟ್ಟು ಬೇರೆ ವಿಷಯವನ್ನು ಇಲ್ಲಿ ಕೇಳುತ್ತಿರುವುದು ಇದೇ ಮೊದಲು.

ನಮ್ಮದು ಹನ್ನೆರಡು ಎಕರೆ ರೋಬಸ್ಟಾ. ಕಾಫಿಗೆ ಬೆಲೆ ಬಂದ ಮೇಲೆ ಕಳ್ಳರಿಗೂ ಕೃಷಿಯಲ್ಲಿ ಆಸಕ್ತಿ ಬಂದಿದೆ. ಹೋದ ವರ್ಷ ಕಣದಲ್ಲಿ ಒಣಗಲು ಹರಡಿದ್ದ ಕಾಫಿಯಲ್ಲಿ ಮೂರು ಚೀಲದಷ್ಟು ಒಂದೇ ರಾತ್ರಿಯಲ್ಲಿ ಮಾಯವಾಯಿತು. ನಮ್ಮ ಹಳೆಯ ನಾಯಿ ಟೈಗರ್ ಅದಕ್ಕೂ ಮೊದಲೇ, ಆಟಿಯ ಮಳೆಯಲ್ಲಿ, ಚಿರತೆಯ ಪಾಲಾಗಿತ್ತು. ಈ ಸಲ ಕುಯ್ಲಿಗೆ ಮೊದಲು ಕಾವಲಿಗೊಂದು ನಾಯಿ ಬೇಕೇ ಬೇಕೆಂದು ಲ್ಯಾಬ್ರಡಾರ್ ಮರಿಗೆ ಮುಂಗಡ ಕೊಡಲು ಹೊರಟಿದ್ದೆ. ಮಗಳು ಅಡ್ಡ ಬಂದಳು. ಮೈಸೂರಿನಲ್ಲಿ ಓದುತ್ತಾಳೆ, ಭಾನುವಾರ ಬಂದರೆ ಗಾಯಗೊಂಡ ಬೀದಿ ನಾಯಿಗಳನ್ನು ನೋಡಿಕೊಳ್ಳುವ ಒಂದು ಆಶ್ರಯಕ್ಕೆ ಹೋಗಿ ಅವುಗಳ ಮೈ ತೊಳೆಯುತ್ತಾಳೆ. ಮನೆಯಲ್ಲಿ ತನ್ನ ತಟ್ಟೆ ತೊಳೆದವಳಲ್ಲ. ಅವಳ ಮಾತು ಕೇಳಿ ಅಲ್ಲಿಂದಲೇ ಒಂದನ್ನು ತಂದೆ.

ಹೆಣ್ಣು ನಾಯಿ, ಸುಮಾರು ಮೂರು ವರ್ಷದ್ದು. ವಾಹನ ಬಡಿದು ಹಿಂಗಾಲು ಮುರಿದು, ಕೂಡಿಕೊಂಡು, ಹನ್ನೊಂದು ತಿಂಗಳು ಗೂಡಿನಲ್ಲೇ ಇತ್ತಂತೆ. ಕಾಗದದಲ್ಲಿ ಹೆಸರು ಸ್ನೋಯಿ. ಬಣ್ಣ ಮಾತ್ರ ಒಣಗಿದ ಕಾಫಿ ಸಿಪ್ಪೆಯದು. ಇವತ್ತಿಗೆ ಐದು ವಾರವಾಯಿತು, ಒಂದು ಸಲವೂ ಬೊಗಳಿಲ್ಲ. ಅಂಚೆಯವರಿಗೆ ಇಲ್ಲ, ಗ್ಯಾಸ್ ಸಿಲಿಂಡರ್ ತಂದವನಿಗೆ ಇಲ್ಲ, ಅಡುಗೆ ಮನೆಗೇ ನುಗ್ಗಿದ ಮಂಗನಿಗೂ ಇಲ್ಲ. ಒರಳುಕಲ್ಲಿನ ಹಿಂದೆ ಗೋಡೆಗೆ ಮುಖ ಮಾಡಿ ಕುಳಿತಿರುತ್ತದೆ. ತೋಟದ ಕೆಲಸದವರ ಲೈನ್ ಮನೆಯವರು ಅದಕ್ಕೆ ಮೂಗಿ ಎಂದೇ ಹೆಸರಿಟ್ಟುಬಿಟ್ಟಿದ್ದಾರೆ.

ಆಶ್ರಯದವರು ಕೊಡುವಾಗ, "ಇಂಥ ನಾಯಿಯನ್ನು ಸಾಕಿದರೆ ಪ್ರತಿಫಲ ನಿಮಗೇ ಸಿಗುತ್ತದೆ ಸಾರ್" ಎಂದಿದ್ದರು. ಇದೇ ಆ ಪ್ರತಿಫಲವೋ? ಮುಂದಾದರೂ ಬೊಗಳುತ್ತದೆಯೋ, ಹಿಂದಕ್ಕೆ ಕೊಟ್ಟು ಬರಲೋ? ಅನುಭವ ಇರುವವರು ಹೇಳಿ.

ಗೋಣಿಕೊಪ್ಪದ ಗಣೇಶನ ಇಲಿ | ನವೆಂಬರ್ 9, ರಾತ್ರಿ 9.32

ಅಣ್ಣ, ಬೊಗಳದ ನಾಯಿ ಬೇಡವಾದರೆ ನಮ್ಮಲ್ಲಿ ಒಂದು ಇದೆ, ಬದಲಿಸಿಕೊಳ್ಳೋಣ. ಎಲೆ ಬಿದ್ದರೂ ಬೊಗಳುತ್ತದೆ. ಚಂದ್ರ ಮೂಡಿದರೆ ಬೆಳಗಿನವರೆಗೆ ಬೊಗಳುತ್ತದೆ. ಕಳ್ಳ ಬಂದರೆ ಮಾತ್ರ ಬಾಲ ಆಡಿಸುತ್ತದೆ.

ನಿವೃತ್ತ ಪಶುವೈದ್ಯೆ, ಮಡಿಕೇರಿ | ನವೆಂಬರ್ 10, ಬೆಳಿಗ್ಗೆ 6.50

ಮೊದಲು ಒಂದು ಪರೀಕ್ಷೆ. ನಾಯಿ ಮಲಗಿರುವಾಗ, ಅದಕ್ಕೆ ಕಾಣದಂತೆ ಹಿಂದೆ ನಿಂತು ಒಂದು ಸ್ಟೀಲ್ ಲೋಟ ಬೀಳಿಸಿ. ಕಿವಿ ತಿರುಗಿದರೆ ಕೇಳಿಸುತ್ತದೆ ಎಂದು ಅರ್ಥ. ಕಿವುಡು ನಾಯಿಯನ್ನು ಮೊದ್ದು ಎಂದು ಬೈದು ಹೊಡೆದವರನ್ನು ನನ್ನ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ.

ಕಿವಿ ಸರಿ ಇದ್ದರೆ ಚಿಂತೆ ಬಿಡಿ. ನಾಯಿ ಕಾವಲಿಗೆ ಬೊಗಳುವುದು ಇದು ನನ್ನ ಜಾಗ ಎಂದು ಅದಕ್ಕೆ ಅನ್ನಿಸಿದ ಮೇಲೆ. ನಿಮ್ಮದು ಮೂರು ವರ್ಷದಲ್ಲಿ ಮೂರು ಕಡೆ ಇದ್ದ ಜೀವ: ರಸ್ತೆ, ಆಸ್ಪತ್ರೆ, ಗೂಡು. ನಿಮ್ಮ ತೋಟ ಅದರ ಲೆಕ್ಕದಲ್ಲಿ ಇನ್ನೂ ಒಂದು ತಂಗುದಾಣ. ಆಶ್ರಯದಿಂದ ನಾಯಿ ಕೊಡುವವರಲ್ಲಿ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಮಾತಿದೆ. ಮೂರು ದಿನ ಅದಕ್ಕೆ ದಿಗಿಲು, ಮೂರು ವಾರಕ್ಕೆ ಮನೆಯ ವೇಳಾಪಟ್ಟಿ ಅರ್ಥವಾಗುತ್ತದೆ, ಮೂರು ತಿಂಗಳಿಗೆ ಮನೆ ತನ್ನದಾಗುತ್ತದೆ. ಇದು ಅಂದಾಜು ಅಷ್ಟೆ, ಪಂಚಾಂಗವಲ್ಲ. ಹನ್ನೊಂದು ತಿಂಗಳು ಗೂಡಿನಲ್ಲಿದ್ದದ್ದಕ್ಕೆ ಇನ್ನೂ ಹೆಚ್ಚು ಹಿಡಿದರೆ ಆಶ್ಚರ್ಯವಿಲ್ಲ. ಗೋಡೆಗೆ ಮುಖ ಮಾಡಿ ಕುಳಿತರೆ ಕುಳಿತುಕೊಳ್ಳಲಿ, ಎಳೆದು ತಂದು ಮುದ್ದಿಸಬೇಡಿ. ನೀವೇ ಅದರ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ಪತ್ರಿಕೆ ಓದಿ.

ಇನ್ನು ತೋಟದವರು ಮಾಡುವ ತಪ್ಪುಗಳು. ಬೇಯಿಸಿದ ಮೂಳೆ ಕೊಡಬೇಡಿ, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಪಂದಿ ಕರಿಯಲ್ಲಿ ಉಳಿದದ್ದನ್ನು ಅನ್ನಕ್ಕೆ ಕಲಸಿ ಹಾಕಬೇಡಿ, ಅದರಲ್ಲಿರುವ ಈರುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ಕಣದ ಹತ್ತಿರ ಕಣ್ಣಿಡಿ, ಕೆಲವು ನಾಯಿಗಳು ಸಿಹಿ ಇದೆ ಎಂದು ಕಾಫಿ ಹಣ್ಣನ್ನು ಮೆಲ್ಲುತ್ತವೆ, ಕೆಫೀನ್ ಅವಕ್ಕೆ ವಿಷ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ, ತಪ್ಪಿಸಬೇಡಿ. ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಿಚಿಕೊಂಡರೆ ಉಣ್ಣೆ ಜ್ವರ ಇರಬಹುದು, ಒಂದು ದಿನವೂ ಕಾಯದೆ ರಕ್ತ ಪರೀಕ್ಷೆ ಮಾಡಿಸಿ.

ಕುಟ್ಟದ ಕಾಡಂಚು | ನವೆಂಬರ್ 10, ಮಧ್ಯಾಹ್ನ 1.15

ನಾನು ಸ್ವಲ್ಪ ಕಹಿ ಮಾತಾಡುತ್ತೇನೆ. ನಮ್ಮ ಬೇಲಿ ದಾಟಿದರೆ ನಾಗರಹೊಳೆ. ಪಟ್ಟಣದಲ್ಲಿ ನಾಯಿಯನ್ನು ಉಳಿಸಿ, ಕರುಣೆಯಿಂದ ತೋಟಗಳಿಗೆ ಹಂಚುವವರಿಗೆ ಇಲ್ಲಿ ರಾತ್ರಿ ಹೇಗಿರುತ್ತದೆ ಎಂಬುದು ಗೊತ್ತಿಲ್ಲ. ಹೊರಗೆ ಸರಪಳಿಯಲ್ಲಿ ಕಟ್ಟಿದ ನಾಯಿ ಎಂದರೆ ಚಿರತೆಗೆ ಬಡಿಸಿಟ್ಟ ಎಲೆ. ಟೈಗರ್‌ಗೆ ಆದದ್ದೇ ಇದಕ್ಕೂ ಆಗಬಾರದು ಎಂದರೆ ಕತ್ತಲಾದ ಮೇಲೆ ನಾಯಿ ಬಾಗಿಲಿನ ಒಳಗಿರಬೇಕು, ಇಲ್ಲವೇ ಮೇಲೆ ಮುಚ್ಚಿಗೆ ಇರುವ ಗಟ್ಟಿ ಕಬ್ಬಿಣದ ಗೂಡಿನಲ್ಲಿರಬೇಕು.

ಇನ್ನೊಂದು. ಲಸಿಕೆ ಇಲ್ಲದ ನಾಯಿಯಿಂದ ಡಿಸ್ಟೆಂಪರ್ ಎಂಬ ವೈರಸ್ ರೋಗ ಕಾಡಿಗೂ ಹೋಗಬಹುದು. 2018ರಲ್ಲಿ ಗಿರ್ ಅರಣ್ಯದಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಪತ್ತೆಯಾದದ್ದು ಇದೇ ವೈರಸ್. ಕಾಡಂಚಿನಲ್ಲಿ ನಾಯಿ ಸಾಕುವವರು ರೇಬೀಸ್ ಒಂದನ್ನೇ ಹಾಕಿಸಿ ಕೈ ತೊಳೆದುಕೊಳ್ಳಬಾರದು.

ಹಾಗೆಂದು ನಾನು ನಾಯಿ ದ್ವೇಷಿಯಲ್ಲ. ನಮ್ಮಲ್ಲಿ ಮೂರು ಕಾಲಿನ ಒಂದು ಇದೆ. ಹಂದಿಗೆ ಯಾರೋ ಇಟ್ಟ ತಂತಿಯ ಉರುಳಿಗೆ ಸಿಕ್ಕಿ ಎರಡು ದಿನ ಹಾಗೆಯೇ ಇತ್ತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಕೆಲಸದವರು ಕಾಯುತ್ತಿದ್ದಾರೆ.

ಸಿದ್ದಾಪುರದ ಬೆಳೆಗಾರ | ನವೆಂಬರ್ 11, ರಾತ್ರಿ 8.45

ಡಾಕ್ಟರಮ್ಮ, ಲೋಟ ಬೀಳಿಸಿದೆ. ಕಿವಿ ತಿರುಗಿತು. ಜೊತೆಗೆ ನಾಯಿ ಎದ್ದು ಹೋಗಿ ಮಂಚದ ಕೆಳಗೆ ಸೇರಿಕೊಂಡಿತು, ಎರಡು ಗಂಟೆ ಹೊರಗೆ ಬರಲಿಲ್ಲ. ಮನೆಯವಳು ಶಾಲೆಯಿಂದ ಬಂದವಳು ನನಗೆ ಲೋಟಕ್ಕಿಂತ ಜೋರಾಗಿ ಕೇಳಿಸಿದಳು.

ಕುಟ್ಟದವರೇ, ರಾತ್ರಿ ಅದು ಒಳಗೇ ಮಲಗುತ್ತದೆ. ಟೈಗರ್ ಹೊರಗಿತ್ತು. ತಪ್ಪು ನನ್ನದೇ.

ಲೈನಿನ ಅಜ್ಜಿ ಒಬ್ಬರು "ಮೂಗಿ ಕೂಗುತ್ತದೆ ಅಯ್ಯ, ನಾನು ಕೇಳಿದ್ದೇನೆ" ಎಂದು ಎರಡು ಸಲ ಹೇಳಿದರು. ಲೈನಿನಲ್ಲೇ ಆರು ನಾಯಿಗಳಿವೆ, ಅಜ್ಜಿಗೆ ಕಣ್ಣೂ ಮಂಜು. ಯಾವುದೋ ನಾಯಿಯ ಸ್ವರವನ್ನು ಇದರ ಲೆಕ್ಕಕ್ಕೆ ಬರೆಯುತ್ತಿದ್ದಾರೆ ಎಂದುಕೊಂಡಿದ್ದೇನೆ.

ಜಂಬೂರಿನ ಅಕ್ಕ | ನವೆಂಬರ್ 12, ರಾತ್ರಿ 10.20

ನಾವು ಮಕ್ಕಂದೂರಿನ ಕಡೆಯವರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮನೆ, ಗದ್ದೆ ಎರಡೂ ಹೋದವು. ಈಗ ಪುನರ್ವಸತಿ ಮನೆಯಲ್ಲಿದ್ದೇವೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಆ ಬೆಳಿಗ್ಗೆ ಉಟ್ಟ ಬಟ್ಟೆಯಲ್ಲಿ ಹೊರಟೆವು. ದನಗಳ ಹಗ್ಗ ಬಿಚ್ಚಿದೆ. ನಾಯಿಯ ಸರಪಳಿಯನ್ನು ಅತ್ತೆ ಬಿಚ್ಚಿದರು ಎಂದು ನಾನು, ನಾನು ಬಿಚ್ಚಿದೆ ಎಂದು ಅತ್ತೆ. ಮಡಿಕೇರಿಯ ಪರಿಹಾರ ಕೇಂದ್ರ ತಲುಪಿ, ರಾತ್ರಿ ಚಾಪೆಯ ಮೇಲೆ ಮಲಗಿದ ಮೇಲೆ ಇಬ್ಬರಿಗೂ ಗೊತ್ತಾಯಿತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಾಲ್ಕು ತಿಂಗಳ ನಂತರ ಬಾಡಿಗೆ ಮನೆಯ ಅಂಗಳಕ್ಕೆ ಒಂದು ನಾಯಿ ಬಂತು. ನಮ್ಮದಲ್ಲ. ಕಪ್ಪು ಮೈ, ಎದೆಯಲ್ಲಿ ಬಿಳಿ ಮಚ್ಚೆ, ಕುತ್ತಿಗೆಯಲ್ಲಿ ತುಂಡಾದ ಬೆಲ್ಟು. ನಮ್ಮ ಹಾಗೆಯೇ ಎಲ್ಲಿಂದಲೋ ಇಳಿದು ಬಂದದ್ದು. ಅತ್ತೆ ಗಂಜಿ ಹಾಕಿದರು, ಮಾತಾಡಿಸಲಿಲ್ಲ. ನನಗೂ ಮನಸ್ಸಿರಲಿಲ್ಲ. ಒಂದು ನಾಯಿಗೆ ಹಾಗೆ ಮಾಡಿದವರು ಇನ್ನೊಂದನ್ನು ಯಾವ ಮುಖದಲ್ಲಿ ಸಾಕುವುದು?

ಆದರೆ ಅದಕ್ಕೆ ಏನೋ ಒಂದು ಹೆಸರಿರಬೇಕಲ್ಲವೇ? ಬೆಲ್ಟು ಇತ್ತು ಎಂದರೆ ಯಾರೋ ಕರೆಯುತ್ತಿದ್ದರು. ಒಂದು ಸಂಜೆ ಮಗ ಅಂಗಳದಲ್ಲಿ ಕುಳಿತು ಒಂದೊಂದೇ ಹೆಸರು ಕೂಗಲು ಶುರು ಮಾಡಿದ. ಟಾಮಿ, ರಾಜ, ಕರಿಯ, ಬ್ಲ್ಯಾಕಿ, ಸೀಸರ್. ನಾಯಿ ಗಂಜಿ ನೆಕ್ಕುತ್ತಲೇ ಇತ್ತು. ಅತ್ತೆಯೂ ಒಳಗಿನಿಂದ ಒಂದೆರಡು ಹೇಳಿದರು. ನಾಯಿಗೆ ಇಡುವ ಹೆಸರುಗಳೆಲ್ಲ ಮುಗಿದು ಮನುಷ್ಯರ ಹೆಸರಿಗೆ ಬಂದರೂ ಅದು ತಲೆ ಎತ್ತಲಿಲ್ಲ. ಕೊನೆಗೆ ಮಗ ಬೇಜಾರಾಗಿ ಎದ್ದು, ಎಲ್ಲೋ ಕೇಳಿದ ನೆನಪಿನಲ್ಲಿ "ಜಿಮ್ಮಿ" ಎಂದ. ನಾಯಿ ಬಟ್ಟಲು ಬಿಟ್ಟು ತಿರುಗಿ ನೋಡಿತು. ಆ ನೋಟ ನೋಡಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಅದರ ಮನೆಯವರು ಸಿಗಬಹುದೆಂದು ಫೋಟೊ ಎಲ್ಲ ಕಡೆ ಕಳುಹಿಸಿದೆವು. ಯಾರೂ ಬರಲಿಲ್ಲ. ಜಿಮ್ಮಿ ಈಗಲೂ ನಮ್ಮಲ್ಲಿದೆ, ಮೂತಿ ಬೆಳ್ಳಗಾಗಿದೆ. ಮಳೆ ಜೋರಾದ ರಾತ್ರಿ ಅದಕ್ಕೂ ನಿದ್ದೆ ಇಲ್ಲ, ಅತ್ತೆಗೂ ಇಲ್ಲ. ಇಬ್ಬರೂ ಜಗಲಿಯಲ್ಲಿ ದೀಪ ಹಾಕಿಕೊಂಡು ಕುಳಿತಿರುತ್ತಾರೆ. ಮೊದಲು ಅತ್ತೆ ಒಬ್ಬರೇ ಕುಳಿತಿರುತ್ತಿದ್ದರು.

ಅಣ್ಣ, ನಿಮ್ಮ ನಾಯಿಗೂ ಮೊದಲು ಯಾವುದೋ ಹೆಸರಿದ್ದಿರಬಹುದು. ಸ್ನೋಯಿ ಆಗಿರಲಾರದು.

ಕುಶಾಲನಗರ ಬಾಡಿಗೆ ಮನೆ | ನವೆಂಬರ್ 13, ಬೆಳಿಗ್ಗೆ 11.05

ಎಲ್ಲರೂ ಒಳ್ಳೆಯ ಕಥೆಯನ್ನೇ ಹೇಳಿದರೆ ಹೇಗೆ? ನಾನು ತಂದ ನಾಯಿಯನ್ನು ಹಿಂದಕ್ಕೆ ಕೊಟ್ಟವನು. ಬೈಯುವವರು ಬೈಯಿರಿ.

ಎರಡು ಕೋಣೆಯ ಮನೆ, ನಾಲ್ಕು ವರ್ಷದ ಮಗ. ಬಸ್ ನಿಲ್ದಾಣದ ಹತ್ತಿರ ಗಾಯವಾಗಿ ಬಿದ್ದಿದ್ದ ನಾಯಿಯನ್ನು ಗೆಳೆಯರೊಬ್ಬರು ಗುಣಪಡಿಸಿದ್ದರು. ಸಾಧು ಎಂದರು. ಸಾಧುವೇ ಆಗಿತ್ತು, ಊಟದ ಬಟ್ಟಲು ಮುಂದಿಲ್ಲದಾಗ. ಒಂದು ದಿನ ಮಗ ಬಟ್ಟಲಿಗೆ ಕೈ ಹಾಕಿದ, ಕಚ್ಚಿತು. ಮೂರು ಹೊಲಿಗೆ. ಹೆಂಡತಿ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚಾಯಿತು. ನಾಯಿ ಈಗ ಹೆಬ್ಬಾಲೆಯ ಕಡೆ ಒಂದು ತೋಟದಲ್ಲಿದೆ, ಚೆನ್ನಾಗಿದೆ. ಒಮ್ಮೆ ನೋಡಲು ಹೋದೆ. ದೂರದಿಂದಲೇ ಗುರುತು ಹಿಡಿದು ಓಡಿ ಬಂದು ಕಾಲು ನೆಕ್ಕಿತು. ಆಮೇಲೆ ಹೋಗಿಲ್ಲ.

ಮೂರ್ನಾಡು 76 | ನವೆಂಬರ್ 13, ಮಧ್ಯಾಹ್ನ 12.30

ನಾಯಿ ಎಂದರೆ ಕೊಂಡ ಚಪ್ಪಲಿಯೇ, ಸರಿಯಾಗಲಿಲ್ಲ ಎಂದು ಹಿಂದಕ್ಕೆ ಕೊಡಲು? ಇಂಥವರಿಂದಲೇ ಮಡಿಕೇರಿ ರಸ್ತೆಯ ತಿರುವು ತಿರುವಿನಲ್ಲಿ ಬೆಲ್ಟು ಕಟ್ಟಿದ ನಾಯಿಗಳು ನಿಂತು ಬರುವ ಹೋಗುವ ಕಾರುಗಳನ್ನು ನೋಡುತ್ತಿರುವುದು. ಪ್ರವಾಸಕ್ಕೆ ಬಂದು, ನಾಯಿಯನ್ನು ಇಳಿಸಿ, ಹೋಂಸ್ಟೇಯ ಬಾಡಿಗೆ ಕೊಟ್ಟು ಹೋಗುತ್ತಾರೆ. ಸಾಕು ಪ್ರಾಣಿಯನ್ನು ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ದಂಡ ಎಷ್ಟು ಗೊತ್ತೇ? ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿ. ರಾಜಾಸೀಟಿನಲ್ಲಿ ಎರಡು ಜೋಳ ತಿಂದರೆ ಅದಕ್ಕಿಂತ ಹೆಚ್ಚಾಗುತ್ತದೆ.

ನಿವೃತ್ತ ಪಶುವೈದ್ಯೆ, ಮಡಿಕೇರಿ | ನವೆಂಬರ್ 13, ಸಂಜೆ 5.40

ಮೂರ್ನಾಡಿನವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು, ಗುರಿ ತಪ್ಪಿದೆ. ರಸ್ತೆಯಲ್ಲಿ ಇಳಿಸಿ ಹೋಗುವವರು ಬೇರೆ, ಇವರು ಬೇರೆ. ಇವರು ಮಗುವನ್ನೂ ಉಳಿಸಿಕೊಂಡರು, ನಾಯಿಗೂ ಜಾಗ ನೋಡಿದರು. ಹಸಿದು ಬೆಳೆದ ನಾಯಿಗೆ ಬಟ್ಟಲಿನ ಬಗ್ಗೆ ಭಯ ಇರುತ್ತದೆ. ಅದನ್ನು ಕೊಡುವಾಗಲೇ ಹೇಳಬೇಕಿತ್ತು, ಚಿಕ್ಕ ಮಗುವಿರುವ ಮನೆಗೆ ಕೊಡುವ ಮೊದಲು ಊಟದ ಸಮಯದಲ್ಲಿ ಒಮ್ಮೆ ನೋಡಬೇಕಿತ್ತು. ಕೊಡುವವರೂ ಆತುರ ಮಾಡುತ್ತಾರೆ, ಗೂಡು ಖಾಲಿಯಾದರೆ ಇನ್ನೊಂದನ್ನು ತರಬಹುದಲ್ಲ ಎಂದು.

ಎಲ್ಲರಿಗೂ ಹೇಳುತ್ತೇನೆ, ನಾಯಿ ಕಚ್ಚಿದರೆ, ಮನೆಯದ್ದೇ ಆಗಲಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿ ಪುಡಿ ಯಾವುದೂ ಬೇಡ. ಆಮೇಲೆ ನೇರ ಆಸ್ಪತ್ರೆಗೆ. ಚರ್ಮದೊಳಗೆ ಕೊಡುವ ಚುಚ್ಚುಮದ್ದಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಗಾಯ ಆಳವಾಗಿದ್ದರೆ ಜೊತೆಗೆ ಇಮ್ಯುನೊಗ್ಲೋಬುಲಿನ್ ಎಂಬ ಇನ್ನೊಂದು ಚುಚ್ಚುಮದ್ದೂ ಬೇಕು. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ವೈದ್ಯರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಕುಶಾಲನಗರದವರೇ, ಹೆಬ್ಬಾಲೆಗೆ ಹೋಗಿ ಬನ್ನಿ. ಅದು ಲೆಕ್ಕ ಇಟ್ಟುಕೊಂಡಿಲ್ಲ.

ವಿರಾಜಪೇಟೆಯ ವಿಜ್ಞಾನ ಮೇಷ್ಟ್ರು | ನವೆಂಬರ್ 14, ಬೆಳಿಗ್ಗೆ 7.30

ಸಿದ್ದಾಪುರದವರು ಪ್ರತಿಫಲ ಎಂಬ ಮಾತು ಎತ್ತಿದ್ದಾರೆ. ಕೋಲ್ಕತ್ತದ ಐಐಎಸ್‌ಇಆರ್ ಸಂಸ್ಥೆಯ ವಿಜ್ಞಾನಿಗಳು ನಮ್ಮ ಬೀದಿ ನಾಯಿಗಳನ್ನೇ ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದ್ದಾರೆ. ಅವರು 2016ರಲ್ಲಿ ಪ್ರಕಟಿಸಿದ ಒಂದು ಲೆಕ್ಕದಂತೆ ಬೀದಿಯಲ್ಲಿ ಹುಟ್ಟಿದ ನೂರು ಮರಿಗಳಲ್ಲಿ ಪ್ರಾಯಕ್ಕೆ ಬರುವುದು 19 ಮಾತ್ರ. ಉಳಿದವುಗಳ ಸಾವಿನಲ್ಲಿ ಹೆಚ್ಚಿನ ಪಾಲು ಮನುಷ್ಯರದ್ದು: ವಾಹನ, ಹೊಡೆತ, ವಿಷ, ತಾಯಿಯಿಂದ ಬೇರ್ಪಡಿಸಿ ಎತ್ತಿಕೊಂಡು ಹೋಗುವುದು. ನಿಮ್ಮ ಒರಳುಕಲ್ಲಿನ ಹಿಂದೆ ಕುಳಿತದ್ದು ಆ ಹತ್ತೊಂಬತ್ತರಲ್ಲಿ ಒಂದು. ಮನುಷ್ಯರನ್ನು ಕಂಡರೆ ಸದ್ದು ಮಾಡದೆ ಇರುವುದೇ ಅದು ಉಳಿದದ್ದಕ್ಕೆ ಕಾರಣವಾಗಿರಬಾರದೇಕೆ?

ಮುಂದಿನ ವರ್ಷ ಅವರೇ ಇನ್ನೊಂದು ಪ್ರಯೋಗ ಮಾಡಿದರು. ಪರಿಚಯವಿಲ್ಲದವರು ಕೆಲವು ಬೀದಿ ನಾಯಿಗಳಿಗೆ ಮತ್ತೆ ಮತ್ತೆ ತಿಂಡಿ ಕೊಟ್ಟರು, ಇನ್ನು ಕೆಲವಕ್ಕೆ ತಲೆ ಸವರಿದರು. ದಿನ ಕಳೆದಂತೆ ಹೆಚ್ಚು ನಂಬಿದ್ದು ತಲೆ ಸವರಿಸಿಕೊಂಡವು. ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡುವ ಮೊದಲು ಇದನ್ನು ಪರೀಕ್ಷಿಸಬಹುದು. ಆದರೆ ಡಾಕ್ಟರಮ್ಮ ಹೇಳಿದ ಹಾಗೆ, ಅದೇ ಹತ್ತಿರ ಬಂದ ಮೇಲೆ.

ಸಿದ್ದಾಪುರದ ಬೆಳೆಗಾರ | ನವೆಂಬರ್ 22, ರಾತ್ರಿ 9.00

ಜಂಬೂರಿನ ಅಕ್ಕ ಬರೆದದ್ದನ್ನು ಮನೆಯವಳಿಗೆ ಓದಿ ಹೇಳಿದೆ. ಮಾರನೆಯ ಸಂಜೆ ಇಬ್ಬರೂ ಒರಳುಕಲ್ಲಿನ ಹತ್ತಿರ ಕುಳಿತು ಹೆಸರು ಕೂಗಿದೆವು. ಯಾವುದಕ್ಕೂ ತಿರುಗಲಿಲ್ಲ. ಬಹುಶಃ ಇದನ್ನು ಯಾರೂ ಯಾವತ್ತೂ ಕರೆದಿಲ್ಲ. ಹಿಂದಕ್ಕೆ ಕೊಡುವ ಮಾತನ್ನು ಬಿಟ್ಟಿದ್ದೇನೆ. ಕಣಕ್ಕೆ ಕ್ಯಾಮೆರಾ ಹಾಕಿಸಿದೆ.

ಈಗ ಬೇರೆ ಚಿಂತೆ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುತ್ತಿದೆ. ಕದಿರು ತೆಗೆಯುವಾಗ ಕೋವಿ ಸಿಡಿಸುತ್ತಾರೆ, ಪಟಾಕಿಯೂ ಇದೆ. ಲೋಟಕ್ಕೇ ಎರಡು ಗಂಟೆ ಮಂಚದ ಕೆಳಗಿದ್ದ ಪ್ರಾಣಿ ಇದು.

ನಿವೃತ್ತ ಪಶುವೈದ್ಯೆ, ಮಡಿಕೇರಿ | ನವೆಂಬರ್ 22, ರಾತ್ರಿ 9.25

ಮಂಚದ ಕೆಳಗೇ ಹಾಸಿಗೆ ಹಾಕಿಕೊಡಿ, ಅದು ಆರಿಸಿಕೊಂಡ ಗುಹೆ. ಕಿಟಕಿ ಮುಚ್ಚಿ, ರೇಡಿಯೊ ಹಾಕಿ. ಒಬ್ಬರು ಮನೆಯಲ್ಲಿರಿ. ಸಂಜೆಗೆ ಮೊದಲೇ ತಿರುಗಾಡಿಸಿ ತನ್ನಿ, ಕತ್ತಲಾದ ಮೇಲೆ ಬಾಗಿಲು ತೆರೆದಿಡಬೇಡಿ. ಹಬ್ಬದ ರಾತ್ರಿ ಹೆದರಿ ಓಡಿದ ನಾಯಿಗಳನ್ನು ಮೂರನೇ ದಿನ ಹತ್ತು ಮೈಲಿ ಆಚೆ ಹುಡುಕಿದ್ದೇವೆ, ಎಲ್ಲವೂ ಸಿಕ್ಕಿಲ್ಲ.

ಹಳೆ ತಲೆ, ನಾಪೋಕ್ಲು | ನವೆಂಬರ್ 23, ಬೆಳಿಗ್ಗೆ 8.10

ನನಗೆ ಎಂಬತ್ತೊಂದು. ಮೊಮ್ಮಗ ಟೈಪ್ ಮಾಡುತ್ತಿದ್ದಾನೆ. ನಾವು ಸಣ್ಣವರಿದ್ದಾಗ ಮನೆತನದ ಮೂಲ ಮನೆಯಾದ ಐನ್‌ಮನೆಯಲ್ಲಿ ಹದಿನಾಲ್ಕು ನಾಯಿಗಳಿದ್ದವು. ಬೇಟೆಯಿಂದ ಬಂದ ಮೇಲೆ ಮಾಂಸದಲ್ಲಿ ನಾಯಿಗೂ ಒಂದು ಪಾಲು ಎತ್ತಿಡುತ್ತಿದ್ದರು, ಅದನ್ನು ಕೊಡದೆ ಯಾರೂ ಉಣ್ಣುತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು, ಒಳ್ಳೆಯದೇ ಆಯಿತು. ನಾಯಿಗಳಿಗೂ ಕೆಲಸ ಹೋಯಿತು. ಆಮೇಲೆ ಬಂದವು ಫೋಟೊಕ್ಕೆ ನಿಲ್ಲುವ ನಾಯಿಗಳು.

ನಮ್ಮ ದೇವರಕಾಡಿನಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿಯ ಹರಕೆ ಇದೆ. ಬೇಟೆಯ ದೇವರು, ಅವನಿಗೆ ಜೊತೆ ಬೇಕು. ಹೋದ ವರ್ಷ ಹರಕೆ ಒಪ್ಪಿಸಲು ಹೋದಾಗ ಸಾಲಾಗಿ ಇಟ್ಟ ಮಣ್ಣಿನ ನಾಯಿಗಳ ನಡುವೆ ಜೀವವಿರುವ ಒಂದು ಮರಿ ಮಲಗಿತ್ತು. ನಮ್ಮವರೊಬ್ಬರು ಕೋಲು ಎತ್ತಿದರು. ನಾನು ಕೈ ಹಿಡಿದೆ. ಮೊಮ್ಮಗ ಅದನ್ನು ಜಾಕೆಟ್ಟಿನೊಳಗೆ ಹಾಕಿಕೊಂಡ. ಈಗ ನನ್ನ ಕಾಲ ಬುಡದಲ್ಲಿದೆ, ಚಪ್ಪಲಿ ಕಚ್ಚುತ್ತಿದೆ. ಇದು ಎಂಟನೇ ಜೊತೆ.

ಪೊನ್ನಂಪೇಟೆಯ ಹೊಸಬಳು | ಡಿಸೆಂಬರ್ 18, ಮಧ್ಯಾಹ್ನ 3.20

ನಡುವೆ ಬಾಯಿ ಹಾಕುತ್ತಿದ್ದೇನೆ. ಈ ಚರ್ಚೆ ಓದಿ ನಮಗೂ ಒಂದನ್ನು ತರಬೇಕೆಂದಿದೆ. ಮರಿ ತರುವುದೋ, ದೊಡ್ಡದನ್ನೋ? ಕಾಗದಪತ್ರ ಏನು ಬೇಕು?

ಕುಟ್ಟದ ಕಾಡಂಚು | ಡಿಸೆಂಬರ್ 18, ರಾತ್ರಿ 8.00

ತಂಗಿ, ದೊಡ್ಡದನ್ನು ತನ್ನಿ. ಮರಿ ಮುಂದೆ ಏನಾಗುತ್ತದೆ ಎಂಬುದು ಲಾಟರಿ. ಎರಡು ವರ್ಷದ ನಾಯಿಯ ಗುಣ ಎದುರಿಗೇ ಇರುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಆಗಿರುವುದನ್ನು ಕೇಳಿ ತನ್ನಿ, ಚೀಟಿ ಕೈಗೆ ಸಿಗದೆ ಹೊರಡಬೇಡಿ. ಹೆಣ್ಣು ನಾಯಿಯಾದರೆ ಇದು ಇನ್ನೂ ಮುಖ್ಯ, ಗರ್ಭ ನಿಂತರೆ ಸುಮಾರು 63 ದಿನಕ್ಕೆ ಮನೆ ತುಂಬಾ ಮರಿ. ಕೊಡುವವರು ಒಂದು ಒಪ್ಪಂದಕ್ಕೆ ಸಹಿ ಕೇಳಬಹುದು, ಮನೆ ನೋಡಲು ಬರುತ್ತೇವೆ ಎನ್ನಬಹುದು. ಕೇಳುವವರನ್ನೇ ನಂಬಿ. ಏನೂ ಕೇಳದೆ ಕಾರಿನೊಳಗೆ ತುರುಕುವವರನ್ನು ನಂಬಬೇಡಿ. ದೆಹಲಿಯ ನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲೂ ಒಂದು ಮಾತಿದೆ: ಬೀದಿ ನಾಯಿಯನ್ನು ದತ್ತು ತೆಗೆದುಕೊಂಡವರು ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳಬೇಕು.

ಮೂರು ಕಾಲಿನದ್ದರ ಕಥೆ ಬಾಕಿ ಇತ್ತು. ಉರುಳು ಬಿಚ್ಚಿದಾಗ ಕಾಲು ಕೊಳೆತಿತ್ತು, ತೆಗೆಯಬೇಕಾಯಿತು. ಉಳಿಸಿದ್ದಕ್ಕೆ ಅದು ನನ್ನ ಹಿಂದೆ ಮುಂದೆ ಸುತ್ತುತ್ತದೆ ಎಂದು ನಾನು ಕಾದೆ. ಅದು ಸುತ್ತುವುದು ನನ್ನ ತಮ್ಮನ ಹಿಂದೆ. ಅವನು ಬೆರಳೂ ಅಲ್ಲಾಡಿಸಿದವನಲ್ಲ. ಆಸ್ಪತ್ರೆಯ ಖರ್ಚು ನನ್ನದು, ಬಾಲ ಅವನಿಗೆ. ಮೊದಲು ಸಿಟ್ಟು ಬರುತ್ತಿತ್ತು. ಈಗ ಅವನು ಕುಡಿಯುವುದನ್ನು ಕಡಿಮೆ ಮಾಡಿದ್ದಾನೆ, ಏಕೆಂದರೆ ವಾಸನೆ ಬಂದರೆ ಆ ನಾಯಿ ಎದ್ದು ದೂರ ಹೋಗುತ್ತದೆ. ಖರ್ಚಿನ ಲೆಕ್ಕ ಬಿಟ್ಟುಬಿಟ್ಟೆ.

ಸಿದ್ದಾಪುರದ ಬೆಳೆಗಾರ | ಜನವರಿ 21, ರಾತ್ರಿ 9.50

ಕುಯ್ಲು ಮುಕ್ಕಾಲು ಮುಗಿಯಿತು, ಅದಕ್ಕೆ ಇಷ್ಟು ದಿನ ಬರೆಯಲಿಲ್ಲ. ಹುತ್ತರಿ ಮಂಚದ ಕೆಳಗೆ ಕಳೆಯಿತು. ಈಗ ಒರಳುಕಲ್ಲು ಬಿಟ್ಟು ಜಗಲಿಗೆ ಬಂದಿದೆ. ನಾನು ಕಣದಲ್ಲಿ ಕಾಫಿ ಕೆದಕುವಾಗ ಹಿಂದೆಯೇ ಬಂದು ಎರಡು ಮಾರು ದೂರ ಕೂರುತ್ತದೆ. ಮೊನ್ನೆ ಒಂದು ಮಾರು ಆಯಿತು. ಬೊಗಳುವ ವಿಷಯ ಕೇಳಬೇಡಿ.

ಹೋದ ವಾರ ರಾತ್ರಿ ಎರಡು ಗಂಟೆಗೆ ಹಾಸಿಗೆ ಏರಿ ನನ್ನ ಕಾಲಿನ ಮೇಲೆ ಮಲಗಿತು, ಮೈ ನಡುಗುತ್ತಿತ್ತು. ಚಳಿ ಎಂದುಕೊಂಡು ಕಂಬಳಿ ಹೊದಿಸಿದೆ. ಬೆಳಿಗ್ಗೆ ನೋಡಿದರೆ ಕಣದ ನಡುವೆ ಆನೆಯ ಹೆಜ್ಜೆ. ಹರಡಿದ್ದ ಕಾಫಿಯ ಮೇಲೆ ಮದುವೆಗೆ ಬಂದವರ ಹಾಗೆ ನಿಧಾನವಾಗಿ ನಡೆದು ಹೋಗಿದೆ. ಪಕ್ಕದ ತೋಟದ ಎರಡು ನಾಯಿಗಳು ಅದನ್ನು ಬೊಗಳುತ್ತಾ ಅಟ್ಟಿಸಿಕೊಂಡು ಹೋಗಿ, ಅದು ತಿರುಗಿದ ಕೂಡಲೇ ಯಜಮಾನರ ಜಗಲಿಗೆ ಓಡಿ ಬಂದಿವೆ. ಆನೆಯೂ ಹಿಂದೆಯೇ ಬಂದಿದೆ. ಅವರ ಗೇಟು, ಸ್ಕೂಟರು ಎರಡೂ ಹೋದವು. "ನಿಮ್ಮದು ಜಾಣ ನಾಯಿ" ಎಂದು ಅವರು ಬಂದು ಹೇಳಿದರು. ಜಾಣತನ ಏನೂ ಇಲ್ಲ, ಹೆದರಿತ್ತು ಅಷ್ಟೆ. ನಾನು ಎಚ್ಚರವಿದ್ದರೆ ನಾನೂ ಯಾರದ್ದಾದರೂ ಕಾಲಿನ ಮೇಲೆ ಮಲಗುತ್ತಿದ್ದೆ.

ಗೋಣಿಕೊಪ್ಪದ ಗಣೇಶನ ಇಲಿ | ಜನವರಿ 21, ರಾತ್ರಿ 10.02

ಅಣ್ಣ, ಬದಲಿಸಿಕೊಳ್ಳುವ ಮಾತು ಇನ್ನೂ ಇದೆ. ಈಗ ನನ್ನದರ ಜೊತೆ ಒಂದು ಗೇಟೂ ಕೊಡುತ್ತೇನೆ.

ಸಿದ್ದಾಪುರದ ಬೆಳೆಗಾರ | ಏಪ್ರಿಲ್ 6, ರಾತ್ರಿ 8.30

ಹೂಮಳೆ ಚೆನ್ನಾಗಿ ಆಯಿತು. ಒಂದು ವಿಷಯ ಹೇಳಬೇಕು, ಜೊತೆಗೆ ಒಬ್ಬರ ಕ್ಷಮೆ ಕೇಳಬೇಕು. ಅವರು ಇಲ್ಲಿ ಓದುವವರಲ್ಲ, ಮನೆಗೇ ಹೋಗಿ ಕೇಳಿ ಬಂದೆ.

ಮೊನ್ನೆ ನಾನು ಮೆಣಸು ಮಾರಲು ಹೊರಟು, ಅರ್ಧ ದಾರಿಯಲ್ಲಿ ಚೆಕ್ ಪುಸ್ತಕ ಮರೆತದ್ದು ನೆನಪಾಗಿ ತಿರುಗಿದೆ. ಮನೆಯವಳು ಎಂಟೂವರೆಗೇ ಶಾಲೆಗೆ ಹೋಗಿದ್ದಳು. ಗೇಟಿನ ಹೊರಗೆ ಲೈನಿನ ಅಜ್ಜಿ ನಿಂತು ಒಳಗೆ ನೋಡುತ್ತಾ, "ಸುಮ್ಮನಿರು, ಬರುತ್ತಾರೆ, ಬರುತ್ತಾರೆ" ಎನ್ನುತ್ತಿದ್ದರು. ಜೀಪಿನ ಸದ್ದು ಕೇಳಿ, "ಈಗ ನಿಲ್ಲಿಸಿತು ನೋಡಿ. ನೀವು ಹೋದರೆ ಸಾಕು, ಶುರು. ನಾನು ಹೇಳಿದರೆ ನಂಬಲಿಲ್ಲ" ಎಂದರು. ಮನೆ ಖಾಲಿಯಾದಾಗಲೆಲ್ಲ ಹೀಗೆಯೇ ಅಂತೆ. ಅಕ್ಟೋಬರ್‌ನಲ್ಲಿ ಸಣ್ಣಗೆ ಒಂದೆರಡು ಕೂಗು, ಹುತ್ತರಿ ಕಳೆದ ಮೇಲೆ ಜೋರು. ಆರು ತಿಂಗಳಿಂದ ಈ ನಾಯಿ ಬೊಗಳುವುದು ಇಡೀ ಲೈನಿಗೆ ಗೊತ್ತು, ನಮಗಿಬ್ಬರಿಗೆ ಮಾತ್ರ ಗೊತ್ತಿಲ್ಲ.

ಒಳಗೆ ಹೋದರೆ ಏನೂ ಆಗದ ಹಾಗೆ ಜಗಲಿಯಲ್ಲಿ ಮಲಗಿತ್ತು. ಬಾಗಿಲಿನ ಕೆಳಭಾಗದಲ್ಲಿ ಉಗುರಿನ ಗೀರುಗಳು. ಅದನ್ನು ನಾನು ಹೆಗ್ಗಣ ಎಂದುಕೊಂಡು ಎರಡು ಸಲ ಬೋನು ಇಟ್ಟಿದ್ದೆ.

ನಿವೃತ್ತ ಪಶುವೈದ್ಯೆ, ಮಡಿಕೇರಿ | ಏಪ್ರಿಲ್ 6, ರಾತ್ರಿ 9.15

ಕಾವಲಿನ ಬೊಗಳು ಇದಲ್ಲ. ನೀವು ಮತ್ತೆ ಬರುವುದಿಲ್ಲ ಎಂಬ ಗಾಬರಿ. ಸಂತೋಷಪಡುವ ಮೊದಲು ಅದನ್ನು ಕಡಿಮೆ ಮಾಡಿ, ನಾಯಿಗೆ ಇದು ಹಿಂಸೆ. ಹೊರಡುವ ಮೊದಲು ತಬ್ಬಿ ಮುದ್ದಾಡಬೇಡಿ. ದಿನಕ್ಕೆ ಹತ್ತು ಸಲ ಸುಮ್ಮನೆ ಜೀಪಿನ ಕೀಲಿ ತೆಗೆದುಕೊಂಡು ಗೇಟಿನವರೆಗೆ ಹೋಗಿ ಬನ್ನಿ. ಮೊದಲು ಒಂದು ನಿಮಿಷ, ಆಮೇಲೆ ಮೂರು, ಆಮೇಲೆ ಹತ್ತು. ಅದು ಗಾಬರಿಯಾಗುವ ಮೊದಲೇ ತಿರುಗಿ ಬರಬೇಕು. ಬಂದ ಮೇಲೂ ಗದ್ದಲ ಬೇಡ. ನೀವು ಹಾಕಿಕೊಂಡ ಹಳೆಯ ಅಂಗಿಯೊಂದನ್ನು ತೊಳೆಯದೆ ಅದರ ಹಾಸಿಗೆಯಲ್ಲಿಡಿ. ವಾರಗಟ್ಟಲೆ ಹಿಡಿಯುತ್ತದೆ.

ಜಂಬೂರಿನ ಅಕ್ಕ | ಏಪ್ರಿಲ್ 7, ಬೆಳಿಗ್ಗೆ 6.15

ಅಣ್ಣ, ನೀವು ಅದರ ಸ್ವರ ಕೇಳಿದಿರಾ?

ಸಿದ್ದಾಪುರದ ಬೆಳೆಗಾರ | ಏಪ್ರಿಲ್ 19, ರಾತ್ರಿ 9.40

ಅಕ್ಕ, ನೀವು ಕೇಳಿದ ಮೇಲೆ ಮನಸ್ಸು ತಡೆಯಲಿಲ್ಲ. ಮಗಳು ರಜೆಗೆ ಬಂದಿದ್ದಾಳೆ. ಹಳೆಯ ಮೊಬೈಲನ್ನು ಕಿಟಕಿಯಲ್ಲಿಟ್ಟು, ಧ್ವನಿಮುದ್ರಣ ಹಾಕಿ, ಮೂವರೂ ಗೇಟಿನಾಚೆ ಹೋಗಿ ಬಂದೆವು. ಡಾಕ್ಟರಮ್ಮ ಬೈಯಬಾರದು, ಹನ್ನೆರಡೇ ನಿಮಿಷ. ದಿನವೂ ಕೀಲಿ ಹಿಡಿದು ಗೇಟಿಗೆ ಹೋಗಿ ಬರುವುದನ್ನೂ ಮಾಡುತ್ತಿದ್ದೇನೆ. ಕೆಲಸದವರು ಅಯ್ಯನಿಗೆ ಮರೆವು ಶುರುವಾಗಿದೆ ಎಂದುಕೊಂಡಿದ್ದಾರೆ.

ಮೊದಲ ಒಂಬತ್ತು ನಿಮಿಷ ಏನೂ ಇಲ್ಲ. ಗಡಿಯಾರ, ದೂರದಲ್ಲಿ ಕುಟ್ರಹಕ್ಕಿ. ಆಮೇಲೆ ನೆಲದ ಮೇಲೆ ಉಗುರಿನ ಸದ್ದು, ಬಾಗಿಲಿನವರೆಗೆ, ಕಿಟಕಿಯವರೆಗೆ. ಆಮೇಲೆ ಬೊಗಳಿತು. ದಪ್ಪ ಸ್ವರ, ಟೈಗರ್‌ಗಿಂತ ದಪ್ಪ. ಈ ಮೈಯಲ್ಲಿ ಅಷ್ಟು ಸ್ವರ ಎಲ್ಲಿತ್ತೋ. ನಾಲ್ಕು ಸಲ, ಬಿಡುವು ಕೊಟ್ಟು, ಮತ್ತೆ ಮೂರು ಸಲ.

ಊಟವಾದ ಮೇಲೆ ಮಗಳು ಅದನ್ನು ಇನ್ನೊಮ್ಮೆ ಹಾಕಿದಳು. ಜಗಲಿಯಲ್ಲಿದ್ದ ನಾಯಿ ಕಿವಿ ನಿಮಿರಿಸಿ ಎದ್ದು, ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ಮೆಟ್ಟಿಲಿನವರೆಗೆ ಹೋಗಿ ಗೇಟಿನ ಕಡೆ ಕತ್ತಲೆಯನ್ನು ನೋಡಿತು. ಯಾರೂ ಬಿಟ್ಟು ಹೋಗುತ್ತಿರಲಿಲ್ಲ. ತಿರುಗಿ ಬಂದು ನನ್ನ ಮಣೆಯ ಪಕ್ಕದಲ್ಲಿ ಮಲಗಿತು.

ನಾಳೆ ಗೋಣಿಕೊಪ್ಪದಲ್ಲಿ ಎರಡು ಗಂಟೆಯ ಕೆಲಸವಿದೆ, ಮೂವರೂ ಹೋಗಲೇಬೇಕು. ಡಾಕ್ಟರಮ್ಮ, ಅಷ್ಟು ಹೊತ್ತು ಈಗಲೇ ಬಿಡಬಹುದೇ?

ನಿವೃತ್ತ ಪಶುವೈದ್ಯೆ, ಮಡಿಕೇರಿ | ಏಪ್ರಿಲ್ 19, ರಾತ್ರಿ 9.55

ಬೇಡ. ಜೀಪಿನಲ್ಲಿ ಕರೆದುಕೊಂಡು ಹೋಗಿ. ನೀರಿನ ಬಟ್ಟಲು ಇಟ್ಟುಕೊಳ್ಳಿ, ಒಬ್ಬರು ಅದರ ಜೊತೆಗಿರಿ, ಬಿಸಿಲಿನಲ್ಲಿ ನಿಲ್ಲಿಸಬೇಡಿ.